ವಿಜ್ಞಾನಿ ಜೋಕಿಚಿ ತಕಮಿನೆ

ಮುಸ್ಸಂಜೆಯ ಹೊತ್ತಿನಲ್ಲಿ ನಿರ್ಜನವಾದ ದಾರಿಯೊಂದರಲ್ಲಿ ನಡೆದುಹೋಗುತ್ತಿರುವ ಮನುಷ್ಯನ ಕಾಲಬಳಿ ಹಾವೊಂದು ಸರಕ್ಕನೆ ಹರಿದುಹೋಯಿತೆಂದು ಭಾವಿಸೋಣ. ಮರುಕ್ಷಣದಲ್ಲಿಯೇ ಅವನ ಎದೆ ಡವಡವನೆ ಬಡಿದುಕೊಳ್ಳುತ್ತದೆ, ಉಸಿರು ಬಿರುಸಾಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಮೈ ಬೆವರುತ್ತದೆ, ರೋಮಗಳು ನಿಮಿರಿ ನಿಲ್ಲುತ್ತವೆ. ತಾನೇನು ಮಾಡುತ್ತಿರುವೆನೆಂದು ಯೋಚಿಸುವುದಕ್ಕೆ ಮೊದಲೇ ಅವನು ಮಾರುದ್ದ ಹಿಂದಕ್ಕೆ ಜಿಗಿದಿರುತ್ತಾನೆ. ಹಾವು ಪೊದೆಯೊಳಗೆ ಮರೆಯಾದ ಮೇಲೂ ಸ್ವಲ್ಪ ಹೊತ್ತು ಅವನ ಎದೆಬಡಿತ ತಗ್ಗುವುದಿಲ್ಲ.

ಆಪತ್ತಿನ ವೇಳೆಯಲ್ಲಿ ದೇಹವು ತನ್ನನ್ನು ತಾನು ಕಾಪಾಡಿಕೊಳ್ಳಲು ನಡೆಸುವ ಸಿದ್ಧತೆ ಇದು. ಮೊದಲನೆಯ ಎಚ್ಚರಿಕೆ ನರಗಳ ಮೂಲಕ ಓಡುತ್ತದೆ. ಅದರ ಬೆನ್ನಿಗೇ ಎರಡು ಪುಟ್ಟ ಗ್ರಂಥಿಗಳು ಒಂದು ಪ್ರಬಲವಾದ ರಸವನ್ನು ರಕ್ತಕ್ಕೆ ಬಿಡುತ್ತವೆ. ನಮ್ಮ ಮೂತ್ರಪಿಂಡಗಳೆರಡರ ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಒಂದೊಂದಾಗಿ ಕುಳಿತಿರುವ ಈ ಗ್ರಂಥಿಗಳಿಗೆ ಅಡ್ರಿನಲ್ ಗ್ರಂಥಿಗಳೆಂದು ಹೆಸರು. ಒಂದೊಂದರ ತೂಕ ಸುಮಾರು 4ರಿಂದ 5 ಗ್ರಾಂ ಮಾತ್ರ. ಬೆವರು ಮತ್ತು ಜೊಲ್ಲುಗಳ ಗ್ರಂಥಿಗಳಿಗೆ ಇರುವಂತೆ ಇವಕ್ಕೆ ನಾಳಗಳಿಲ್ಲ. ತಾವು ತಯಾರಿಸುವ ರಸಗಳನ್ನು ಇವು ನೇರವಾಗಿ ರಕ್ತಕ್ಕೇ ಸೇರಿಸುತ್ತವೆ. ಆದುದರಿಂದ ಇವನ್ನು ನಿರ್ನಾಳ ಗ್ರಂಥಿಗಳ ಗುಂಪಿಗೆ ಸೇರಿಸಿದ್ದಾರೆ. ಇಂಥ ಗ್ರಂಥಿಗಳಿಂದ ಹೊರಟು, ರಕ್ತದೊಡನೆ ಸಂಚರಿಸಿ, ದೂರದ ಅಂಗಗಳ ಕೆಲಸವನ್ನು ಹೆಚ್ಚಿಸುವ ಅಥವಾ ತಗ್ಗಿಸುವ ವಸ್ತುಗಳೇ ಹಾರ್ಮೋನುಗಳು.

ಅಡ್ರಿನಲ್ ಗ್ರಂಥಿಗಳಿಂದ ಒಂದು ಹಾರ್ಮೋನನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ, ಅದಕ್ಕೆ ಅಡ್ರಿನಲಿನ್ ಎಂದು ಹೆಸರಿಟ್ಟು, ವೈದ್ಯರ ಕೈಗೆ ದೊರಕುವಂತೆ ಮಾಡಿದವರು ಜಪಾನಿನ ರಸಾಯನ ವಿಜ್ಞಾನಿ ಜೋಕಿಚಿ ತಕಮಿನೆ. ಅವರ ಬಾಳು ಸೋಲು ಗೆಲವುಗಳಿಂದ ಹೆಣೆದ ಬಾಳು. ಒಂದು ದೇಶದಲ್ಲಿ ಹುಟ್ಟಿ, ಮತ್ತೊಂದು ದೇಶದಲ್ಲಿ ದುಡಿದು, ಎರಡಕ್ಕೂ ಉಪಕಾರ ಮಾಡಿದ ಬಾಳು.

ತಕಮಿನೆಯವರು ಹುಟ್ಟಿದ್ದು 1854ನೆಯ ಇಸವಿ ನವೆಂಬರ್ 3ರಂದು, ಜಪಾನಿನ ತಕಓಕ ಎಂಬ ಊರಿನಲ್ಲಿ. ಎರಡು ಶತಮಾನಗಳಿಗೂ ಮೀರಿ ಹೊರನಾಡುಗಳೊಡನೆ ಹೆಚ್ಚಿನ ಸಂಪರ್ಕವಿಲ್ಲದೆ ಬಾಗಿಲು ಮುಚ್ಚಿಕೊಂಡಿದ್ದ ಜಪಾನು, ಅದೇ ವರ್ಷ ಅಮೆರಿಕದೊಡನೆ ಒಪ್ಪಂದ ಮಾಡಿಕೊಂಡು ತನ್ನ ರೇವುಗಳನ್ನು ತೆರೆಯಲು ಮೊದಲುಮಾಡಿತ್ತು. ಜೋಕಿಚಿಯ ತಂದೆ ವೈದ್ಯರು. ಡಚ್ ಭಾಷೆಯ ಗ್ರಂಥಗಳ ಮೂಲಕ ಪಾಶ್ಚಾತ್ಯ ವೈದ್ಯವನ್ನೂ ರಸಾಯನ ವಿದ್ಯೆಯನ್ನೂ ಅರಿತಿದ್ದ ಅವರು ಕಾಗಾ ಸಂಸ್ಥಾನದ ಸೇವೆಯಲ್ಲಿದ್ದರು. ತಾಯಿ ಅಕ್ಕಿಯಿಂದ ಸಾಕೆ ಎಂಬ ಮದ್ಯವನ್ನು ತಯಾರಿಸುತ್ತಿದ್ದ ಮನೆತನದವರು. ಮಗುವಿಗೆ ಒಂದು ವರ್ಷವಾಗುವಷ್ಟರಲ್ಲಿ ಸಂಸಾರವು ಸಂಸ್ಥಾನದ ರಾಜಧಾನಿಯಾದ ಕನಜಾವಕ್ಕೆ ಬಂದು ನೆಲಸಿತು. ತಂದೆಯಿಂದ ರಸಾಯನ ವಿದ್ಯೆಯ ಒಲವೂ ತಾಯಿಯ ತವರಿನಿಂದ ಹುದುಗುವಿಕೆಯ ಕಸುಬಿನ ಪರಿಚಯವೂ ಬಾಲಕನಿಗೆ ದೊರೆತವು. ಈ ಎರಡೂ ಮುಂದೆ ಅವನ ಬಾಳಿಗೆ ದಾರಿಯಾದವು.

ಬಾಲಕನು ಓದಿನಲ್ಲಿ ಚುರುಕಾಗಿದ್ದನು. ಹನ್ನೆರಡು ವರ್ಷ ತುಂಬುವುದಕ್ಕೆ ಮೊದಲೇ ಸಂಸ್ಥಾನದವರು ಅವನನ್ನು ಆರಿಸಿ, ವಿದೇಶೀ ಭಾಷೆ ಮತ್ತು ವಿದ್ಯೆಗಳನ್ನು ಕಲಿತುಬರಲು ನಾಗಸಾಕಿ ನಗರಕ್ಕೆ ಕಳುಹಿಸಿದರು. ತಂದೆತಾಯಿಗಳನ್ನು ಬಿಟ್ಟು ಅಷ್ಟು ದೂರ ಹೋದ ಹುಡುಗನು ಅಲ್ಲಿ ಪರದೇಶದವರ ನಡುವೆ ಇದ್ದುಕೊಂಡು ಇಂಗ್ಲಿಷನ್ನು ಕಲಿತನು. ಅನಂತರ ಒಸಾಕದಲ್ಲಿ ವೈದ್ಯವಿದ್ಯೆಯನ್ನು ಅಭ್ಯಾಸ ಮಾಡತೊಡಗಿದನು. ತಂದೆಯಂತೆ ಮಗನೂ ವೈದ್ಯನಾಗುವನೆಂದು ಎಲ್ಲರೂ ಭಾವಿಸಿದ್ದರು. ಆದರೆ ಅವನ ಮನಸ್ಸು ರಸಾಯನ ವಿಜ್ಞಾನದ ಕಡೆಗೆ ತಿರುಗಿತು. ಟೋಕಿಯೋ ನಗರದಲ್ಲಿ ಸರ್ಕಾರವು ತೆರೆದಿದ್ದ ಎಂಜಿನಿಯರಿಂಗ್ ಕಾಲೇಜನ್ನು ಸೇರಿ, 1879ರಲ್ಲಿ ಅಲ್ಲಿನ ಶಿಕ್ಷಣವನ್ನು ಮುಗಿಸಿದನು.

ಮರುವರ್ಷ ಸರ್ಕಾರವು ತರುಣ ತಕಮಿನೆಯವರನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರಕ್ಕೆ ಕಳುಹಿಸಿತು. ಅಲ್ಲಿ ಅವರು ಪುಸ್ತಕದ ವಿದ್ಯೆಯೊಡನೆ ಕಾರ್ಖಾನೆಗಳ ಕೆಲಸವನ್ನೂ ಕಣ್ಣಾರೆ ಕಂಡರು. ಪ್ರಯೋಗಶಾಲೆಯಲ್ಲಿ ತಿಳಿದುಬಂದುದು ಜನರ ಬಳಕೆಗೆ ಬಂದಾಗಲೇ ವಿದ್ಯೆಯು ಸಾರ್ಥಕವಾಗುವುದೆಂಬ ಭಾವನೆ ಅವರಲ್ಲಿ ಬೇರೂರಿತು. 1883ರಲ್ಲಿ ಸ್ವದೇಶಕ್ಕೆ ಹಿಂತಿರುಗಿ ಕೃಷಿ ಮತ್ತು ವಾಣಿಜ್ಯ ಇಲಾಖೆಯಲ್ಲಿ ಉದ್ಯೋಗಕ್ಕೆ ಸೇರಿದರು.

1884ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ದೊಡ್ಡದೊಂದು ವಸ್ತುಪ್ರದರ್ಶನ ಏರ್ಪಟ್ಟಿತು. ಜಪಾನಿನ ಪ್ರತಿನಿಧಿಗಳಲ್ಲಿ ಒಬ್ಬರಾಗಿ ತಕಮಿನೆಯವರು ಅಲ್ಲಿಗೆ ಹೋದರು. ಅಲ್ಲಿ ಅವರಿಗೆ ಎರಡು ಲಾಭಗಳಾದವು. ಒಂದು, ಬೆಳೆಗಳಿಗೆ ಪುಷ್ಟಿ ಕೊಡುವ ಫಾಸ್ಫೇಟ್ ಶಿಲೆಯ ಪರಿಚಯ. ಇನ್ನೊಂದು, ಕ್ಯಾರೊಲೈನ್ ಹಿಚ್ ಎಂಬ ಕನ್ಯೆಯ ಸ್ನೇಹ. ಸ್ವದೇಶದಲ್ಲಿ ಅವರು ಉದ್ಯಮಿಗಳ ನೆರವಿನಿಂದ 1887ರಲ್ಲಿ ರಾಸಾಯನಿಕ ಗೊಬ್ಬರ ತಯಾರಿಸುವ ಕಂಪನಿಯೊಂದನ್ನು ಸ್ಥಾಪಿಸಿದರು. ಅದೇ ವರ್ಷ ಕ್ಯಾರೊಲೈನರನ್ನು ವಿವಾಹವಾಗಿ ಟೋಕಿಯೋ ನಗರಕ್ಕೆ ಕರೆತಂದರು. ಅವರಿಗೆ ಇಬ್ಬರು ಗಂಡುಮಕ್ಕಳು ಜನಿಸಿದರು.

ಈ ನಡುವೆ ತಕಮಿನೆಯವರ ಮನಸ್ಸು ತಾಯಿಯ ತವರಿನ ಕಸುಬಿನತ್ತ ಹರಿಯಿತು. ದೋಸೆಗಾಗಿ ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಹುದುಗಿ ಉಬ್ಬುವುದನ್ನು ನಾವೆಲ್ಲ ನೋಡಿದ್ದೇವೆ. ಕಣ್ಣಿಗೆ ಕಾಣದ ಜೀವಿಗಳು ಅಲ್ಲಿ ಕೆಲಸ ಮಾಡುತ್ತಿರುತ್ತವೆ. ಜಪಾನಿನಲ್ಲಿ ಬೇಯಿಸಿದ ಅಕ್ಕಿಯ ಮೇಲೆ ಒಂದು ಬಗೆಯ ಬೂಷ್ಟನ್ನು ಬೆಳೆಸುತ್ತಾರೆ. ಅದಕ್ಕೆ ಕೋಜಿ ಎಂದು ಹೆಸರು. ಈ ಬೂಷ್ಟು ಧಾನ್ಯದಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತದೆ. ಆ ಸಕ್ಕರೆಯು ಹುದುಗಿ ಮದ್ಯಸಾರವಾಗುತ್ತದೆ. ಪಶ್ಚಿಮದ ದೇಶಗಳಲ್ಲಿ ಇದೇ ಕೆಲಸಕ್ಕೆ ಬಾರ್ಲಿಯನ್ನು ನೆನೆಸಿ ಮೊಳೆಯಿಸಿ ಒಣಗಿಸಿ ಬಳಸುತ್ತಿದ್ದರು. ಅದಕ್ಕೆ ಹೆಚ್ಚು ಕಾಲವೂ ಹೆಚ್ಚು ಹಣವೂ ಬೇಕಾಗುತ್ತಿತ್ತು. ಬಾರ್ಲಿಗೆ ಬದಲಾಗಿ ಗೋದಿಯ ತೌಡಿನ ಮೇಲೆ ಕೋಜಿಯನ್ನು ಬೆಳೆಸಿ ಬಳಸಬಹುದೆಂಬುದನ್ನು ತಕಮಿನೆಯವರು ಕಂಡುಕೊಂಡರು. ಈ ಸುದ್ದಿ ಅಮೆರಿಕದ ಮದ್ಯಸಾರ ಉದ್ಯಮಿಗಳ ಕಿವಿಗೆ ಬಿದ್ದಿತು. ಅವರಿಂದ ಕರೆ ಬರಲು, 1890ರಲ್ಲಿ ತಕಮಿನೆಯವರು ಹೆಂಡತಿ ಮಕ್ಕಳೊಡನೆ ಅಮೆರಿಕಕ್ಕೆ ತೆರಳಿದರು. ತಾವೇ ಕಟ್ಟಿದ ಗೊಬ್ಬರದ ಕಂಪನಿ ಆಗ ಇನ್ನೂ ಎಳವೆಯಲ್ಲಿಯೇ ಇದ್ದಿತು.

ಇಲಿನಾಯ್ ರಾಜ್ಯದ ಪಿಯೋರಿಯ ಎಂಬ ಊರು ಅವರ ಕಾರ್ಯಕ್ಷೇತ್ರವಾಯಿತು. ಪ್ರಯೋಗಗಳು ಯಶಸ್ವಿಯಾದವು. ಆದರೆ ಆ ಯಶಸ್ಸೇ ಅವರಿಗೆ ಶತ್ರುಗಳನ್ನು ತಂದಿತು. ಬಾರ್ಲಿಯನ್ನು ಮೊಳೆಯಿಸಿ ಮಾರಿ ಜೀವಿಸುತ್ತಿದ್ದವರಿಗೆ ತಮ್ಮ ಕಸುಬು ಹಾಳಾಗುವುದೆಂಬ ಅಂಜಿಕೆ ಹುಟ್ಟಿತು. ಎಲ್ಲಿಂದಲೋ ಬಂದ ಪರದೇಶದವನು ತಮ್ಮ ಅನ್ನವನ್ನು ಕಸಿಯುತ್ತಿರುವನೆಂದು ಅವರು ಕೋಪಗೊಂಡರು. ಹೀಗಿರುವಾಗ ಪ್ರಯೋಗಗಳಿಗೆ ನೆಲೆಯಾಗಿದ್ದ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಅದರ ಬೆನ್ನಲ್ಲೇ ತಕಮಿನೆಯವರು ಯಕೃತ್ತಿನ ಬೇನೆಯಿಂದ ಹಾಸಿಗೆ ಹಿಡಿದರು. ಪ್ರಾಣಾಪಾಯದಲ್ಲಿದ್ದ ಪತಿಯನ್ನು ಕ್ಯಾರೊಲೈನರು ರೈಲಿನಲ್ಲಿ ಷಿಕಾಗೊ ನಗರಕ್ಕೆ ಸಾಗಿಸಿ ಚಿಕಿತ್ಸೆ ಮಾಡಿಸಿದರು. ತಕಮಿನೆಯವರು ಗುಣಹೊಂದಿ ಮತ್ತೆ ಕೆಲಸಕ್ಕೆ ತೊಡಗಿದರೂ ಆ ಯೋಜನೆ ಕೈಗೂಡಲಿಲ್ಲ. ಅವರನ್ನು ಕರೆಸಿಕೊಂಡಿದ್ದ ಉದ್ಯಮಿಗಳ ಕೂಟವೇ ಕೆಲವು ವರ್ಷಗಳಲ್ಲಿ ಒಡೆದುಹೋಯಿತು.

ಪರದೇಶದಲ್ಲಿ ಆದಾಯದ ದಾರಿ ಮುಚ್ಚಿದಾಗ ಬೇರೊಬ್ಬರಾಗಿದ್ದರೆ ಎದೆಗುಂದುತ್ತಿದ್ದರು. ತಕಮಿನೆಯವರು ತಮ್ಮಲ್ಲಿ ಏನು ಉಳಿದಿದೆಯೆಂದು ನೋಡಿಕೊಂಡರು. ಕಾರ್ಖಾನೆ ಸುಟ್ಟುಹೋಗಿತ್ತು, ಆದರೆ ಬೂಷ್ಟಿನ ವಿಷಯದಲ್ಲಿ ಅವರು ಗಳಿಸಿದ್ದ ಜ್ಞಾನ ಸುಟ್ಟಿರಲಿಲ್ಲ. ಪಿಷ್ಟವನ್ನು ಸಕ್ಕರೆಯಾಗಿಸುವ ಶಕ್ತಿ ಬೂಷ್ಟಿನೊಳಗಿನ ಒಂದು ಕಿಣ್ವದಲ್ಲಿದೆ. ಆ ಕಿಣ್ವವನ್ನೇ ಬೇರ್ಪಡಿಸಿ ಪುಡಿಮಾಡಿಟ್ಟರೆ, ಅನ್ನ ರೊಟ್ಟಿಗಳು ಸರಿಯಾಗಿ ಅರಗದೆ ಬಾಧೆಪಡುವವರಿಗೆ ಅದು ಔಷಧವಾಗಬಾರದೇಕೆ ಎಂದು ಅವರು ಆಲೋಚಿಸಿದರು. ಈ ವಿಧಾನಕ್ಕೆ 1894ರಲ್ಲಿ ಅವರಿಗೆ ಅಮೆರಿಕದ ಪೇಟೆಂಟ್ ದೊರೆಯಿತು. ತಕ-ಡಯಸ್ಟೇಸ್ ಎಂಬ ಹೆಸರಿನಿಂದ ಆ ಔಷಧವನ್ನು ಡೆಟ್ರಾಯಿಟ್ ನಗರದ ಪಾರ್ಕ್-ಡೇವಿಸ್ ಕಂಪನಿಯು ಮಾರಾಟಕ್ಕೆ ತಂದಿತು. ಮದ್ಯಸಾರದ ಕಾರ್ಖಾನೆಗೆಂದು ಹುಡುಕಿದ ಬೂಷ್ಟು ರೋಗಿಗಳಿಗೆ ನೆರವಾಯಿತು. ತಕಮಿನೆಯವರ ಬಡತನ ನೀಗಿತು. ಅವರು ನ್ಯೂಯಾರ್ಕ್ ನಗರಕ್ಕೆ ಬಂದು ಅಲ್ಲಿ ಸಣ್ಣದೊಂದು ಪ್ರಯೋಗಶಾಲೆಯನ್ನು ತೆರೆದರು.

ಆ ಕಾಲದಲ್ಲಿ ವೈದ್ಯವಿಜ್ಞಾನಿಗಳ ಗಮನವನ್ನು ಅಡ್ರಿನಲ್ ಗ್ರಂಥಿಗಳು ಸೆಳೆದಿದ್ದವು. ಹದಿನಾರನೆಯ ಶತಮಾನದಲ್ಲಿ ಇಟಲಿಯ ಯುಸ್ಟಾಚಿ ಎಂಬ ವಿದ್ವಾಂಸರು ಇವನ್ನು ಮೊದಲು ವರ್ಣಿಸಿದ್ದರು. ಆದರೆ ಇವುಗಳ ಕೆಲಸವೇನೆಂಬುದು ಸುಮಾರು ಮೂರು ಶತಮಾನಗಳ ಕಾಲ ಒಗಟಾಗಿಯೇ ಉಳಿದಿತ್ತು. 1855ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಅಡಿಸನ್ನರು ಒಂದು ವಿಚಿತ್ರವಾದ ರೋಗವನ್ನು ವಿವರಿಸಿದರು. ಆ ರೋಗ ತಗುಲಿದವರು ದಿನದಿನಕ್ಕೆ ನಿಶ್ಶಕ್ತರಾಗುತ್ತಿದ್ದರು. ಅವರ ಚರ್ಮ ಕಪ್ಪಡರುತ್ತಿತ್ತು. ಕೊನೆಗೆ ಅವರು ಸಾಯುತ್ತಿದ್ದರು. ಸತ್ತವರ ದೇಹವನ್ನು ಪರೀಕ್ಷಿಸಿದಾಗ ಅಡ್ರಿನಲ್ ಗ್ರಂಥಿಗಳು ಕೆಟ್ಟುಹೋಗಿದ್ದುದು ಕಂಡುಬಂದಿತು. ಮರುವರ್ಷ ಬ್ರೌನ್-ಸೆಕಾರ್ ಎಂಬ ವಿಜ್ಞಾನಿಯು ಪ್ರಾಣಿಗಳಿಂದ ಈ ಗ್ರಂಥಿಗಳನ್ನು ತೆಗೆದುಹಾಕಿದಾಗ ಅವು ಬಲುಬೇಗನೆ ಸತ್ತುಹೋದವು. ಇಷ್ಟು ಪುಟ್ಟ ಗ್ರಂಥಿಗಳಿಲ್ಲದೆ ಜೀವವೇ ನಿಲ್ಲದೆಂಬುದು ಇದರಿಂದ ತಿಳಿದುಬಂದಿತು.

ಮುಂದೆ ಇಂಗ್ಲೆಂಡಿನ ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಷೇಫರ್ ಎಂಬ ಇಬ್ಬರು 1894ರ ಸುಮಾರಿಗೆ ಇನ್ನೊಂದು ಸಂಗತಿಯನ್ನು ಹೊರಗೆಡವಿದರು. ಈ ಗ್ರಂಥಿಗಳ ಸಾರವನ್ನು ಪ್ರಾಣಿಯ ರಕ್ತನಾಳಕ್ಕೆ ಚುಚ್ಚಿದೊಡನೆಯೇ ರಕ್ತನಾಳಗಳು ಸಂಕೋಚಗೊಂಡು ರಕ್ತದ ಒತ್ತಡವು ಥಟ್ಟನೆ ಏರುತ್ತಿತ್ತು. ರಕ್ತನಾಳಗಳನ್ನು ಸಂಕೋಚಗೊಳಿಸುವ ವಸ್ತು ದೊರೆತರೆ ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ಸುರಿಯುವ ರಕ್ತವನ್ನು ತಡೆಯಬಹುದು. ವೈದ್ಯರು ಗ್ರಂಥಿಗಳ ಸಾರವನ್ನು ಹಾಗೆಯೇ ಬಳಸಿ ನೋಡಿದರು. ಆದರೆ ಆ ಸಾರದಲ್ಲಿ ನೂರಾರು ಕಲ್ಮಷಗಳಿದ್ದವು. ಅದು ಬೇಗನೆ ಕೆಡುತ್ತಿತ್ತು. ಒಂದು ಸಲದ ಸಾರ ಬಲವಾಗಿದ್ದರೆ ಇನ್ನೊಂದು ಸಲದ್ದು ದುರ್ಬಲವಾಗಿರುತ್ತಿತ್ತು. ರೋಗಿಗೆ ಎಷ್ಟು ಕೊಡಬೇಕೆಂದು ನಿರ್ಧರಿಸಲು ಆಗುತ್ತಿರಲಿಲ್ಲ. ಆದುದರಿಂದ ಸಾರದಲ್ಲಿ ಅಡಗಿರುವ ಆ ಒಂದು ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಬೇಕೆಂದು ಹಲವು ದೇಶಗಳ ವಿಜ್ಞಾನಿಗಳು ಹೆಣಗಾಡಿದರು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ ಏಬೆಲ್ ಎಂಬ ಹೆಸರಾಂತ ಪ್ರಾಧ್ಯಾಪಕರು 1897ರಲ್ಲಿ ಗುರಿಯ ಸಮೀಪಕ್ಕೆ ಬಂದರು. ತಾವು ಪಡೆದ ವಸ್ತುವಿಗೆ ಅವರು ಎಪಿನೆಫ್ರಿನ್ ಎಂದು ಹೆಸರಿಟ್ಟರು. ಆದರೆ ಅದರ ಜೊತೆಯಲ್ಲಿ ಬೇರೊಂದು ರಾಸಾಯನಿಕವು ಅಂಟಿಕೊಂಡೇ ಇತ್ತು. ಅಪ್ಪಟ ವಸ್ತು ಕೈಗೆ ಸಿಕ್ಕಿರಲಿಲ್ಲ.

ಈ ಕಾರ್ಯವನ್ನು ಪಾರ್ಕ್-ಡೇವಿಸ್ ಕಂಪನಿಯು ತಕಮಿನೆಯವರಿಗೆ ಒಪ್ಪಿಸಿತು. ಅವರು ಏಬೆಲರ ಪ್ರಯೋಗಶಾಲೆಗೂ ಹೋಗಿ ಅಲ್ಲಿನ ಕೆಲಸವನ್ನು ನೋಡಿಬಂದರು. 1900ರ ಮೊದಲಲ್ಲಿ ಕೇಯ್ಜೊ ಉಯೆನಕ ಎಂಬ ತರುಣರೊಬ್ಬರು ಜಪಾನಿನಿಂದ ಬಂದು ಅವರ ಸಹಾಯಕರಾಗಿ ಸೇರಿದರು. ಉಯೆನಕರು ಟೋಕಿಯೋದಲ್ಲಿ ನಾಗಯೋಷಿ ನಾಗಾಯ್ ಎಂಬ ಪ್ರಸಿದ್ಧ ಔಷಧ ರಸಾಯನಜ್ಞರ ಕೈಕೆಳಗೆ ಪಳಗಿದವರು. ಸಸ್ಯಗಳಿಂದ ಔಷಧಾಂಶಗಳನ್ನು ಬೇರ್ಪಡಿಸುವ ನಾಜೂಕಾದ ವಿಧಾನಗಳು ಅವರಿಗೆ ಕರಗತವಾಗಿದ್ದವು.

ಕೆಲಸಕ್ಕೆ ಬೇಕಾದ ಗ್ರಂಥಿಗಳು ಕಸಾಯಿಖಾನೆಗಳಿಂದ ಬರುತ್ತಿದ್ದವು. ಅವನ್ನು ಸಣ್ಣಗೆ ಕೊಚ್ಚಿ, ಸ್ವಲ್ಪ ಆಮ್ಲ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿ ಸಾರವನ್ನು ತೆಗೆಯಬೇಕಾಗಿತ್ತು. ದೊಡ್ಡ ತೊಡಕೆಂದರೆ ಗಾಳಿಯಲ್ಲಿರುವ ಆಮ್ಲಜನಕ. ಗಾಳಿ ಸೋಕಿದರೆ ಸಾರವು ಕೆಂಪಾಗಿ ಕಂದಾಗಿ ಕೆಟ್ಟುಹೋಗುತ್ತಿತ್ತು. ಆದುದರಿಂದ ಗಾಳಿ ತಾಗದಂತೆ ಎಚ್ಚರ ವಹಿಸಬೇಕಾಯಿತು. ಸೋಸಿದ ಸಾರವನ್ನು ನಿರ್ವಾತದಲ್ಲಿ ಬತ್ತಿಸಿ ಗಟ್ಟಿಮಾಡಿದರು. ಅದಕ್ಕೆ ಮದ್ಯಸಾರವನ್ನು ಬೆರೆಸಿದಾಗ ಕಲ್ಮಷಗಳಲ್ಲಿ ಬಹುಪಾಲು ತಳಕ್ಕಿಳಿದವು. ಅವನ್ನು ಸೋಸಿ ತೆಗೆದು, ಮದ್ಯಸಾರವನ್ನು ಆವಿಯಾಗಿಸಿ, ಉಳಿದ ದ್ರವಕ್ಕೆ ಅಮೋನಿಯವನ್ನು ಬೆರೆಸಿದರು. 1900ರ ಜುಲೈ ತಿಂಗಳಲ್ಲಿ ಒಂದು ದಿನ ಪ್ರನಾಳದ ತಳದಲ್ಲಿ ಸಣ್ಣ ಸಣ್ಣ ಹರಳುಗಳು ಕಾಣಿಸಿಕೊಂಡವು. ಇದೇ ಅಷ್ಟು ಜನರು ಅಷ್ಟು ವರ್ಷ ಹುಡುಕಿದ ವಸ್ತು. ಅದರ ಶಕ್ತಿ ಅದ್ಭುತವಾಗಿತ್ತು. ಐವತ್ತು ಸಾವಿರ ಭಾಗ ನೀರಿಗೆ ಒಂದು ಭಾಗದಂತೆ ಕರಗಿಸಿದ ದ್ರಾವಣದಲ್ಲಿ ಒಂದು ತೊಟ್ಟಿಗಿಂತಲೂ ಕಡಿಮೆಯಷ್ಟನ್ನು ಕಣ್ಣಿಗೆ ಬಿಟ್ಟರೂ, ಒಂದು ನಿಮಿಷದೊಳಗೆ ಕಣ್ಣಿನ ಪೊರೆಯ ಮೇಲಣ ರಕ್ತನಾಳಗಳು ಸಂಕೋಚಗೊಂಡು ಅದು ಬಿಳುಪಾಗುತ್ತಿತ್ತು.

ತಕಮಿನೆಯವರು ಇದಕ್ಕೆ ಅಡ್ರಿನಲಿನ್ ಎಂದು ಹೆಸರಿಟ್ಟು, ಅದೇ ವರ್ಷದ ನವೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. 1901ರಲ್ಲಿ ತಮ್ಮ ಶೋಧನೆಯನ್ನು ವಿದ್ವತ್ಸಭೆಗಳಿಗೆ ತಿಳಿಸಿದರು. ಅದೇ ಸಮಯದಲ್ಲಿ ಪಾರ್ಕ್-ಡೇವಿಸ್ ಕಂಪನಿಯ ಥಾಮಸ್ ಆಲ್ಡ್ರಿಚ್ ಎಂಬ ರಸಾಯನಜ್ಞರೂ ಬೇರೆಯಾಗಿ ಕೆಲಸ ಮಾಡಿ ಆ ಹರಳುಗಳನ್ನು ಪಡೆದರು. ಅದರ ಸರಿಯಾದ ಅಣುಸೂತ್ರವನ್ನು ಕಂಡುಕೊಂಡವರು ಅವರೇ. 1903ರಲ್ಲಿ ತಕಮಿನೆಯವರಿಗೆ ಪೇಟೆಂಟ್ ದೊರೆಯಿತು. ಪ್ರಕೃತಿಯಲ್ಲಿಯೇ ಇರುವ ವಸ್ತುವಿಗೆ ಒಬ್ಬರು ಹಕ್ಕು ಹೇಳಬಹುದೇ ಎಂಬ ವ್ಯಾಜ್ಯವು ನ್ಯಾಯಾಲಯಕ್ಕೂ ಹೋಯಿತು. ಗ್ರಂಥಿಯಲ್ಲಿ ಕಲ್ಮಷಗಳೊಡನೆ ಬೆರೆತಿದ್ದಾಗ ಇಲ್ಲದ ಉಪಯೋಗ ಅದನ್ನು ಶುದ್ಧಗೊಳಿಸಿದಾಗ ಒದಗುವುದರಿಂದ ಆ ಹಕ್ಕು ಸಲ್ಲುವುದೆಂದು 1911ರಲ್ಲಿ ತೀರ್ಪಾಯಿತು.

ಅಡ್ರಿನಲಿನ್ ದೊರೆತುದರಿಂದ ವೈದ್ಯರಿಗೆ ಹೊಸ ಬಲ ಬಂದಂತಾಯಿತು. ಕಣ್ಣು, ಮೂಗು, ಗಂಟಲುಗಳ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವವನ್ನು ತಗ್ಗಿಸಲು ಅದನ್ನು ಬಳಸಿದರು. ಉಬ್ಬಸದಿಂದ ಉಸಿರುಕಟ್ಟಿದವರಿಗೆ ಅದರ ಚುಚ್ಚುಮದ್ದು ಶ್ವಾಸನಾಳಗಳನ್ನು ಹಿಗ್ಗಿಸಿ ಉಸಿರಾಟವನ್ನು ಸುಗಮಗೊಳಿಸಿತು. ಜೇನುನೊಣದ ಕಡಿತದಿಂದಾಗಲಿ ಔಷಧವೊಂದು ಒಗ್ಗದೆಯಾಗಲಿ ಹಠಾತ್ತನೆ ರಕ್ತದ ಒತ್ತಡ ಕುಸಿದು ಪ್ರಾಣಕ್ಕೆ ಕುತ್ತು ಬಂದಾಗ, ಇಂದಿಗೂ ವೈದ್ಯರ ಕೈ ಮೊದಲು ಹೋಗುವುದು ಅಡ್ರಿನಲಿನ್ನಿನ ಕಡೆಗೆ. ನಿಂತುಹೋದ ಹೃದಯವನ್ನು ಮತ್ತೆ ನಡೆಸುವ ಪ್ರಯತ್ನದಲ್ಲಿಯೂ ಅದನ್ನು ಬಳಸುತ್ತಾರೆ. 1904ರಲ್ಲಿ ಜರ್ಮನಿಯ ಫ್ರೀಡ್ರಿಕ್ ಸ್ಟೋಲ್ಟ್ಸ್ ಎಂಬುವರು ಅದನ್ನು ಪ್ರಯೋಗಶಾಲೆಯಲ್ಲಿಯೇ ಕೃತಕವಾಗಿ ತಯಾರಿಸಿದರು. ಹಾರ್ಮೋನು ಎಂಬ ಪದ ಬಳಕೆಗೆ ಬಂದದ್ದೇ 1905ರಲ್ಲಿ. ಆ ಹೆಸರು ಹುಟ್ಟುವುದಕ್ಕೆ ಮೊದಲೇ ಒಂದು ಹಾರ್ಮೋನು ಹರಳಿನ ರೂಪದಲ್ಲಿ ಮನುಷ್ಯನ ಕೈಗೆ ಸಿಕ್ಕಿದ್ದಿತು.

ಈ ಕಥೆಯಲ್ಲಿ ಮರೆಯಬಾರದ ಒಂದು ಸಂಗತಿಯಿದೆ. ಪೇಟೆಂಟಿನಲ್ಲಿ ಇದ್ದ ಹೆಸರು ತಕಮಿನೆಯವರದೊಂದೇ. ಕೀರ್ತಿಯೂ ಐಶ್ವರ್ಯವೂ ಸಂದದ್ದು ಅವರಿಗೇ. ಹಗಲಿರುಳು ಪ್ರನಾಳಗಳ ಮುಂದೆ ನಿಂತು ದುಡಿದ ಉಯೆನಕರ ಹೆಸರು ಬಹುಕಾಲ ಜನರಿಗೆ ತಿಳಿದಿರಲಿಲ್ಲ. ಅವರು ಪ್ರಯೋಗಗಳನ್ನು ಅಂದಂದಿಗೆ ಬರೆದಿಟ್ಟ ಟಿಪ್ಪಣಿ ಪುಸ್ತಕವು ಜಪಾನಿನ ದೇವಾಲಯವೊಂದರಲ್ಲಿ ಭದ್ರವಾಗಿ ಉಳಿದುಬಂದಿತು. ಅದನ್ನು ಓದಿದವರಿಗೆ ಆ ಹರಳುಗಳ ಹಿಂದೆ ಉಯೆನಕರ ಕೈಚಳಕ ಎಷ್ಟಿದ್ದಿತೆಂಬುದು ಮನವರಿಕೆಯಾಯಿತು. ಸಮಸ್ಯೆಯನ್ನು ಕೈಗೆತ್ತಿಕೊಂಡು, ಸಾಧನಗಳನ್ನು ಒದಗಿಸಿ, ಫಲವನ್ನು ಲೋಕಕ್ಕೆ ಮುಟ್ಟಿಸಿದವರು ತಕಮಿನೆ. ಹರಳನ್ನು ಕಂಡ ಕಣ್ಣು ಉಯೆನಕರದು. ಅಡಿಸನ್, ಆಲಿವರ್, ಷೇಫರ್, ಏಬೆಲ್ ಇವರು ದಾರಿಯನ್ನು ಸವೆಸಿರದಿದ್ದರೆ ಇವರಿಬ್ಬರೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅಮೆರಿಕದಲ್ಲಿ ಈ ಹಾರ್ಮೋನಿಗೆ ಇಂದಿಗೂ ಏಬೆಲರು ಕೊಟ್ಟ ಎಪಿನೆಫ್ರಿನ್ ಎಂಬ ಹೆಸರೇ ಬಳಕೆಯಲ್ಲಿದೆ. ಬೇರೆ ಅನೇಕ ದೇಶಗಳಲ್ಲಿ ತಕಮಿನೆಯವರ ಅಡ್ರಿನಲಿನ್ ಎಂಬ ಹೆಸರು ನೆಲೆನಿಂತಿದೆ.

ವಿಜ್ಞಾನವು ಅಲ್ಲಿಗೇ ನಿಲ್ಲಲಿಲ್ಲ. ತಕಮಿನೆಯವರು ಅಪ್ಪಟವೆಂದು ತಿಳಿದಿದ್ದ ಹರಳಿನಲ್ಲಿ ನಾರ್ ಅಡ್ರಿನಲಿನ್ ಎಂಬ ಅದರ ಸೋದರ ವಸ್ತುವೂ ಬೆರೆತಿದ್ದಿತೆಂಬುದು ಸುಮಾರು ಅರ್ಧ ಶತಮಾನದ ಅನಂತರ ತಿಳಿದುಬಂದಿತು. ಈ ಎರಡನ್ನೂ ತಯಾರಿಸುವುದು ಗ್ರಂಥಿಯ ಒಳಗಣ ತಿರುಳು. ತಿರುಳನ್ನು ಸುತ್ತುವರಿದಿರುವ ಹೊರಪದರವು ಬೇರೆಯೇ ಹಾರ್ಮೋನುಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಕಾರ್ಟಿಸಾಲ್ ಎಂಬುದು ದೇಹವು ಆಹಾರವನ್ನು ಬಳಸಿಕೊಳ್ಳುವ ಬಗೆಯನ್ನೂ ಬೇನೆ ಬಳಲಿಕೆಗಳನ್ನು ತಾಳಿಕೊಳ್ಳುವ ಶಕ್ತಿಯನ್ನೂ ನಿಯಂತ್ರಿಸುತ್ತದೆ. ಅಲ್ಡೊಸ್ಟಿರೋನ್ ಎಂಬುದು ದೇಹದಲ್ಲಿ ಉಪ್ಪು ನೀರುಗಳ ಪ್ರಮಾಣವನ್ನು ಕಾಯುತ್ತದೆ. ಅಡಿಸನ್ನರು ಕಂಡ ರೋಗಿಗಳು ಸಾಯುತ್ತಿದ್ದುದು ಈ ಹೊರಪದರದ ಹಾರ್ಮೋನುಗಳಿಲ್ಲದೆ. ಇವುಗಳ ಸಂಶೋಧನೆಗಾಗಿ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಎಂಬ ಮೂವರು 1950ರಲ್ಲಿ ನೊಬೆಲ್ ಬಹುಮಾನವನ್ನು ಪಡೆದರು. ಒಂದು ಕಾಲಕ್ಕೆ ಸಾವೇ ಗತಿಯಾಗಿದ್ದ ಅಡಿಸನ್ ರೋಗದವರು ಇಂದು ಈ ಹಾರ್ಮೋನುಗಳನ್ನು ಔಷಧವಾಗಿ ಸೇವಿಸುತ್ತ ಬಾಳಬಲ್ಲರು.

ಸಂಪತ್ತು ಬಂದ ಮೇಲೆ ತಕಮಿನೆಯವರು ಅದನ್ನು ಕೂಡಿಟ್ಟುಕೊಂಡು ಕೂರಲಿಲ್ಲ. ಜಪಾನು ಹೊರದೇಶಗಳ ವಿದ್ಯೆಯನ್ನು ಅನುಕರಿಸಿದರೆ ಸಾಲದು, ತಾನೇ ಹೊಸ ವಿದ್ಯೆಯನ್ನು ಸೃಷ್ಟಿಸಬೇಕೆಂಬುದು ಅವರ ಹಂಬಲವಾಗಿತ್ತು. 1913ರಲ್ಲಿ ಅವರು ಸ್ವದೇಶಕ್ಕೆ ಬಂದಿದ್ದಾಗ ರಾಷ್ಟ್ರೀಯ ಸಂಶೋಧನ ಸಂಸ್ಥೆಯೊಂದು ಬೇಕೆಂದು ಹಿರಿಯರ ಮುಂದೆ ವಾದಿಸಿದರು. ಅದರ ಫಲವಾಗಿ 1917ರಲ್ಲಿ ರಿಕೆನ್ ಎಂಬ ಸಂಸ್ಥೆ ಸ್ಥಾಪಿತವಾಗಿ, ಮುಂದೆ ಲೋಕಪ್ರಸಿದ್ಧವಾಯಿತು. ಸಾಂಕ್ಯೊ ಎಂಬ ಔಷಧ ಕಂಪನಿಗೆ ಅವರು ಮೊದಲನೆಯ ಅಧ್ಯಕ್ಷರಾದರು.

ಅಮೆರಿಕವು ಅವರಿಗೆ ಪತ್ನಿಯನ್ನೂ ಕೀರ್ತಿಯನ್ನೂ ಕೊಟ್ಟಿತ್ತು. ಆದರೆ ಆ ಕಾಲದ ಅಲ್ಲಿನ ಕಾನೂನು ಜಪಾನೀಯರಿಗೆ ಪೌರತ್ವವನ್ನು ಕೊಡುತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಮೀರಿ ಅಲ್ಲಿಯೇ ಬಾಳಿದರೂ ಅವರು ಕೊನೆಯವರೆಗೂ ಪರದೇಶಿಯಾಗಿಯೇ ಉಳಿದರು. ಅದರಿಂದ ಅವರು ಕಹಿಗೊಳ್ಳದೆ ಎರಡು ದೇಶಗಳ ಜನರು ಒಬ್ಬರನ್ನೊಬ್ಬರು ಅರಿಯುವಂತೆ ಮಾಡಲು ಶ್ರಮಿಸಿದರು. ವಾಷಿಂಗ್ಟನ್ ನಗರದಲ್ಲಿ ನೆಡುವುದಕ್ಕಾಗಿ ಜಪಾನಿನ ಚೆರಿ ಮರಗಳನ್ನು ತರಿಸಲು ಅವರು ಹಣ ಒದಗಿಸಿದರು. ಟೋಕಿಯೋ ನಗರದ ಹೆಸರಿನಲ್ಲಿ ಕಳುಹಿಸಿದ ಮೊದಲನೆಯ 2,000 ಸಸಿಗಳಿಗೆ ಹುಳು ಹತ್ತಿದ್ದುದರಿಂದ 1910ರಲ್ಲಿ ಅವನ್ನು ಸುಡಬೇಕಾಯಿತು. ಇಲ್ಲಿಯೂ ಬೆಂಕಿಯೇ ಅಡ್ಡಬಂದಿತು; ಇಲ್ಲಿಯೂ ಪ್ರಯತ್ನವು ಅಷ್ಟಕ್ಕೆ ನಿಲ್ಲಲಿಲ್ಲ. 1912ರಲ್ಲಿ 3,020 ಆರೋಗ್ಯವಾದ ಸಸಿಗಳು ಬಂದು ನಾಟಿಯಾದವು. ವಸಂತಕಾಲದಲ್ಲಿ ಆ ನಗರದ ನೀರಿನ ದಡಗಳಲ್ಲಿ ಚೆರಿಯ ಹೂಗಳು ಇಂದಿಗೂ ಅರಳುತ್ತವೆ. 1912ರಲ್ಲಿಯೇ ಜಪಾನಿನ ವಿದ್ವತ್ಪರಿಷತ್ತು ತನ್ನ ಬಹುಮಾನವನ್ನು ಕೊಟ್ಟು ತಕಮಿನೆಯವರನ್ನು ಗೌರವಿಸಿತು.

1922ನೆಯ ಇಸವಿ ಜುಲೈ 22ರಂದು, ತಮ್ಮ ಅರುವತ್ತೇಳನೆಯ ವಯಸ್ಸಿನಲ್ಲಿ, ತಕಮಿನೆಯವರು ನ್ಯೂಯಾರ್ಕ್ ನಗರದಲ್ಲಿ ನಿಧನರಾದರು. ಅವರ ಸಮಾಧಿ ಅಲ್ಲಿನ ವುಡ್‌ಲಾನ್ ಸ್ಮಶಾನದಲ್ಲಿದೆ.

ತೌಡಿನ ಮೇಲೆ ಬೆಳೆದ ಬೂಷ್ಟು, ಕಸಾಯಿಖಾನೆಯಲ್ಲಿ ಎಸೆದುಬಿಡುವ ಗ್ರಂಥಿ, ಇವೆರಡೂ ಜನರ ಕಣ್ಣಿಗೆ ಕ್ಷುದ್ರ ವಸ್ತುಗಳು. ಅವುಗಳಲ್ಲಿ ರೋಗಿಗಳ ಪ್ರಾಣ ಉಳಿಸುವ ಶಕ್ತಿ ಅಡಗಿದೆಯೆಂದು ತಕಮಿನೆಯವರು ನಂಬಿದರು. ಆ ಶಕ್ತಿಯನ್ನು ಹೊರತೆಗೆಯುವವರೆಗೂ ಕೈಬಿಡಲಿಲ್ಲ. ಕಾರ್ಖಾನೆ ಸುಟ್ಟ ದಿನ ಅವರು ತಾಯ್ನಾಡಿಗೆ ಹಿಂತಿರುಗಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಹಾಗೆ ಹೋಗದೆ ಉಳಿದುದರಿಂದಲೇ ಪ್ರನಾಳದ ತಳದಲ್ಲಿ ಆ ಹರಳು ಕಾಣಿಸಿಕೊಂಡಿತು. ಆಪತ್ತು ಬಂದಾಗ ದೇಹಕ್ಕೆ ಬಲ ತುಂಬುವ ರಸವನ್ನು ಹುಡುಕಿಕೊಟ್ಟ ಆ ವಿಜ್ಞಾನಿಯು ತನ್ನ ಬಾಳಿನ ಆಪತ್ತುಗಳಲ್ಲಿಯೂ ಧೃತಿಗೆಡಲಿಲ್ಲ. ಅವರನ್ನು ನೆನೆಯುವಾಗ, ಅವರ ಪಕ್ಕದಲ್ಲಿ ನಿಂತು ದುಡಿದ ಉಯೆನಕರನ್ನೂ ನೆನೆಯುವುದು ನ್ಯಾಯ.